ಹಳೆಯ ಡಿವಿಡಿ ಕಾಪಿ ಮಾಡಿಸಿದ ಮೇಲೆ ತಂಬೂರಿ ದನಿ ಕೆಟ್ಟಿತು, ಏನು ಮಾಡಲಿ?

ಪ್ರಶ್ನೆ: "ಸರ್, ನಾನು ಗದಗ-ಬೆಟಗೇರಿಯವಳು, ನಿವೃತ್ತ ಸಂಗೀತ ಶಿಕ್ಷಕಿ. ನಮ್ಮ ತಂದೆ ಹಿಂದುಸ್ತಾನಿ ಗಾಯಕರು, ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಗದಗ, ಹುಬ್ಬಳ್ಳಿ, ಹಾವೇರಿ ಕಡೆ ಅವರು ಹಾಡಿದ ಬೈಠಕ್‌ಗಳ 37 ಡಿವಿಡಿ, 6 ವಿಸಿಡಿ ಮನೆಯಲ್ಲಿವೆ. 2002ರಿಂದ 2010ರ ನಡುವೆ ಬೇರೆ ಬೇರೆ ವಿಡಿಯೋದವರು ತೆಗೆದದ್ದು. ತಂದೆ ಈಗಿಲ್ಲ. ಹೋದ ವರ್ಷ ಎಲ್ಲವನ್ನೂ ಒಂದು ಅಂಗಡಿಗೆ ಕೊಟ್ಟು ಎಂಪಿ4 ಮಾಡಿಸಿ 500 ಜಿಬಿ ಹಾರ್ಡ್ ಡಿಸ್ಕಿಗೆ ಹಾಕಿಸಿದೆವು. ಚಿತ್ರ ಪರವಾಗಿಲ್ಲ. ಆದರೆ ತಂಬೂರಿ ನೀರಿನೊಳಗೆ ನುಡಿದ ಹಾಗೆ ಕೇಳುತ್ತದೆ. ತಬಲಾ ಪೆಟ್ಟು ಮೆತ್ತಗಾಗಿದೆ. ಎರಡು ಡಿಸ್ಕುಗಳಲ್ಲಿ ತಬಲಾದವರ ಕೈ ಮೊದಲು ಬೀಳುತ್ತದೆ, ದನಿ ಆಮೇಲೆ ಬರುತ್ತದೆ. ಒಂದರಲ್ಲಿ ಇದು ಶುರುವಿನಿಂದಲೇ ಇದೆ, ಇನ್ನೊಂದರಲ್ಲಿ ಹೋಗ್ತಾ ಹೋಗ್ತಾ ಜಾಸ್ತಿಯಾಗುತ್ತದೆ. ಕಾರಿನಲ್ಲಿ ಕೇಳಲು ಒಂದು ಡಿಸ್ಕಿನ ಹಾಡಷ್ಟೇ ತೆಗೆಸಿ ಆಡಿಯೋ ಸಿಡಿ ಮಾಡಿಸಿದ್ದೆವು, ಅದರಲ್ಲಂತೂ ಶ್ರುತಿಯೇ ಇಳಿದಿದೆ. ಕೇಳಿದರೆ ಅಂಗಡಿಯವರು 'ಡಿಸ್ಕ್ ಹಳೇವು ಆಗ್ಯಾವ್ರೀ ಅಕ್ಕಾರ, ಹಿಂಗ ಬರೂದು' ಅಂತಾರೆ. ಅಳಿಯಂದಿರು 320ರ ಎಂಪಿ3 ಮಾಡಿಸಿದರೆ ಸರಿಹೋಗುತ್ತೆ ಅಂತಾರೆ. ತಮ್ಮ ಎಲ್ಲವನ್ನೂ ವೇವ್ ಫೈಲ್ ಮಾಡಿಸು ಅಂತಾನೆ. ಆಡಿಯೋ ಕಂಪ್ರೆಸ್ ಮಾಡಲೇಬೇಕಾ? ಮಾಡದಿದ್ದರೆ ಜಾಗ ಸಾಲುತ್ತದಾ? ಕೆಟ್ಟಿರುವುದನ್ನು ಸರಿ ಮಾಡಬಹುದಾ?"

ಉತ್ತರ: ಅಕ್ಕೋರೇ, ನೀವು ಕಳಿಸಿದ ಎರಡೂ ತುಣುಕುಗಳನ್ನು ಹೆಡ್‌ಫೋನ್ ಹಾಕಿಕೊಂಡು ನಾಲ್ಕೈದು ಸಲ ಕೇಳಿದೆ. ಒಂದು ಡಿವಿಡಿಯಿಂದ ನೇರವಾಗಿ ತೆಗೆದದ್ದು, ಇನ್ನೊಂದು ಅಂಗಡಿಯವರು ಕೊಟ್ಟ ಎಂಪಿ4. ನಿಮ್ಮ ಕಿವಿ ತಪ್ಪು ಹೇಳುತ್ತಿಲ್ಲ. ತಂದೆಯವರು ಇನ್ನೂ ಹಾಡಲು ಶುರು ಮಾಡಿಲ್ಲ, ಬರೀ ತಂಬೂರಿ ನುಡಿಯುತ್ತಿದೆ, ಆ ಹತ್ತು ಸೆಕೆಂಡು ಸಾಕು. ಡಿವಿಡಿಯಲ್ಲಿ ತಂತಿ ಮೀಟಿದ ಮೇಲೆ ಜವಾರಿ, ಅಂದರೆ ತಂತಿಯ ಝೇಂಕಾರ, ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ಮುಂದಿನ ತಂತಿಯ ದನಿಯೊಳಗೆ ಸೇರಿಕೊಳ್ಳುತ್ತದೆ. ಎಂಪಿ4ನಲ್ಲಿ ಅದೇ ಜವಾರಿ ತುಂಡು ತುಂಡಾಗಿ, ಗುಳುಗುಳು ಅಂತ ಬಂದು ಹೋಗಿ ಮಾಡುತ್ತದೆ. ಎಂಪಿ4 ಫೈಲನ್ನು ಮೀಡಿಯಾಇನ್ಫೋ ಅನ್ನುವ, ಫೈಲಿನೊಳಗೆ ಏನಿದೆ ಅಂತ ತೋರಿಸುವ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿದೆ: ದನಿ ಎಎಸಿ ಬಗೆಯದು, ಎರಡು ಚಾನೆಲ್, ಬಿಟ್‌ರೇಟ್ 64 ಕೆಬಿಪಿಎಸ್, ಅಂದರೆ ಒಂದು ಸೆಕೆಂಡಿನ ದನಿಗೆ 64 ಸಾವಿರ ಬಿಟ್. ಡಿವಿಡಿಯ ತುಣುಕು ಎಸಿ-3, ಅಂದರೆ ಡಾಲ್ಬಿ ಡಿಜಿಟಲ್, 256 ಕೆಬಿಪಿಎಸ್. ಅಲ್ಲಿಗೆ ಅರ್ಧ ಉತ್ತರ ಸಿಕ್ಕಂತಾಯಿತು.

ಮೊದಲಿಗೆ, ಏನೂ ಕಳೆದುಹೋಗಿಲ್ಲ. ಡಿಸ್ಕುಗಳು ನಿಮ್ಮ ಹತ್ತಿರವೇ ಇವೆ. ಅವು ಓದುತ್ತಿರುವವರೆಗೆ ಈ ಕೆಲಸವನ್ನು ಹೊಸದಾಗಿ, ಸರಿಯಾಗಿ ಮಾಡಬಹುದು. ದಯವಿಟ್ಟು ಒಂದು ಡಿಸ್ಕನ್ನೂ ಎಸೆಯಬೇಡಿ. ಕೆಲಸ ಮುಗಿದ ಮೇಲೂ ಎಸೆಯಬೇಡಿ.

"ಡಿಸ್ಕ್ ಹಳೆಯದಾಗಿದೆ, ಅದಕ್ಕೇ ದನಿ ಹೀಗೆ" ಅನ್ನುವ ಮಾತನ್ನು ನಾನು ಹುಬ್ಬಳ್ಳಿಯಲ್ಲಿ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಇದು ಕ್ಯಾಸೆಟ್ ಕಾಲದ ನಂಬಿಕೆ. ಕ್ಯಾಸೆಟ್ ಹಳೆಯದಾದರೆ ದನಿ ನಿಜವಾಗಿಯೂ ಮಂಕಾಗುತ್ತಿತ್ತು, ಮೇಲಿನ ಸ್ವರಗಳ ಹೊಳಪು ಹೋಗುತ್ತಿತ್ತು. ಡಿವಿಡಿ ಹಾಗೆ ಮಂಕಾಗುವುದಿಲ್ಲ. ಅದರ ಮೇಲಿರುವುದು ಬರೀ ಅಂಕಿಗಳು. ಅಲ್ಲಲ್ಲಿ ತಪ್ಪಿದ ಅಂಕಿಗಳನ್ನು ಡ್ರೈವ್ ತಾನೇ ಲೆಕ್ಕ ಹಾಕಿ ಸರಿಪಡಿಸುವ ಏರ್ಪಾಡು ಡಿಸ್ಕಿನಲ್ಲೇ ಇದೆ. ಅದಕ್ಕೂ ಮೀರಿ ಕೆಟ್ಟರೆ ದನಿ ಕತ್ತರಿಸುತ್ತದೆ, ಚಿತ್ರ ನಿಲ್ಲುತ್ತದೆ, ಚೌಕ ಚೌಕ ಒಡೆಯುತ್ತದೆ. ಆದರೆ ತಂಬೂರಿಯನ್ನು ಒಂದೂವರೆ ತಾಸು ಒಂದೇ ಸಮ ನೀರಾಗಿಸುವ ಕೆಲಸ ಹಳೆಯ ಡಿಸ್ಕಿನಿಂದ ಆಗುವುದಿಲ್ಲ. ಅದನ್ನು ಮಾಡಿದ್ದು ಕಂಪ್ರೆಶನ್, ಅಂದರೆ ಜಾಗ ಉಳಿಸಲು ದನಿಯನ್ನು ಹಿಂಡಿದ್ದು.

ಅದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಸಂಗೀತ ಕಲಿಸಿದವರು, ನಿಮಗೆ ಬೇಗ ಹಿಡಿಯುತ್ತದೆ. ಎಸಿ-3, ಎಎಸಿ, ಎಂಪಿ3 ಎಲ್ಲವೂ ಕೆಲಸ ಮಾಡುವ ರೀತಿ ಒಂದೇ ಬಗೆಯದು. ಜೋರು ದನಿಯ ಪಕ್ಕದಲ್ಲಿರುವ ಸಣ್ಣ ದನಿ ಕಿವಿಗೆ ಬೀಳುವುದಿಲ್ಲ ಅನ್ನುವ ಲೆಕ್ಕದ ಮೇಲೆ, ಕೇಳದು ಅನಿಸಿದ್ದನ್ನು ಬಿಟ್ಟುಬಿಡುತ್ತವೆ ಅಥವಾ ಒರಟಾಗಿ ಬರೆದುಕೊಳ್ಳುತ್ತವೆ. ದನಿಯನ್ನು ಸೆಕೆಂಡಿನ ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿಗೂ ಈ ತೀರ್ಮಾನ ಬೇರೆಯಾಗಿ ಆಗುತ್ತದೆ. ಡಿವಿಡಿಯ ಎಸಿ-3ಯಲ್ಲಿ ಒಂದು ತುಂಡು ಅಂದರೆ 32 ಮಿಲಿಸೆಕೆಂಡು, ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 32. ಬಿಟ್‌ರೇಟ್ ಕೈತುಂಬ ಇದ್ದಾಗ ತೊಂದರೆಯಿಲ್ಲ. ಬಿಗಿ ಮಾಡಿದಾಗ ಒಂದು ತುಂಡಿನಲ್ಲಿ ಉಳಿಸಿಕೊಂಡ ಮೇಲಿನ ಸ್ವರವನ್ನು ಮುಂದಿನ ತುಂಡಿನಲ್ಲಿ ಕೈಬಿಡುತ್ತದೆ, ಮತ್ತೆ ಅದರ ಮುಂದಿನದರಲ್ಲಿ ಹಿಡಿಯುತ್ತದೆ. ಮಾತಿನಲ್ಲಿ, ಸಿನಿಮಾ ಹಾಡಿನಲ್ಲಿ ಇದು ಅಷ್ಟು ಗೊತ್ತಾಗುವುದಿಲ್ಲ, ಅಲ್ಲಿ ದನಿ ಸದಾ ಬದಲಾಗುತ್ತಿರುತ್ತದೆ. ತಂಬೂರಿಯ ಜೀವ ಇರುವುದೇ ಎಡೆಬಿಡದೆ ನಿಲ್ಲುವ ಆ ಮೇಲಿನ ಸ್ವರಗಳ ಎಳೆಗಳಲ್ಲಿ. ಎಳೆ ಬಂದು ಹೋಗಿ ಮಾಡಿದರೆ ನಮಗೆ ನೀರಿನ ಹಾಗೆ ಕೇಳುತ್ತದೆ. ಪಾಶ್ಚಾತ್ಯ ಸಂಗೀತಕ್ಕೆ ನಡೆಯುತ್ತದೆ ಅಂತ ಯಾರೋ ಇಟ್ಟ ಸೆಟ್ಟಿಂಗ್ ನಮ್ಮ ಬೈಠಕ್ಕಿಗೆ ನಡೆಯದಿರುವುದು ಇದಕ್ಕೇ.

ತಬಲಾದ್ದು ಇನ್ನೊಂದು ಕಥೆ. 'ನಾ' ಅನ್ನುವ ಪೆಟ್ಟು ತಟ್ಟನೆ ಬೀಳುತ್ತದೆ. ಅದರ ಹಿಂದಿನ ಕ್ಷಣ ಹೆಚ್ಚುಕಡಿಮೆ ಮೌನ. ಆದರೆ ಕಂಪ್ರೆಶನ್ ಒರಟಾಗಿ ಬರೆದುಕೊಂಡದ್ದರ ಗಲಿಬಿಲಿ ಆ ಇಡೀ ತುಂಡಿನ ಮೇಲೆ ಹರಡಿಕೊಳ್ಳುತ್ತದೆ, ಪೆಟ್ಟಿಗಿಂತ ಮೊದಲಿನ ಮೌನದ ಮೇಲೂ. ಹಾಗಾಗಿ ಪೆಟ್ಟು ಬೀಳುವ ಮುಂಚೆಯೇ ಸಣ್ಣದೊಂದು 'ಶ್' ಬರುತ್ತದೆ, ಅಂಚು ಮೊಂಡಾಗುತ್ತದೆ. ನೀವು ಮೆತ್ತಗಾಗಿದೆ ಅಂದದ್ದು ಇದನ್ನೇ. ಭಜನೆಯ ತಾಳ, ಚಪ್ಪಾಳೆಗಳಲ್ಲೂ ಹೀಗೇ.

ಇನ್ನು ಅಳಿಯಂದಿರ ಸಲಹೆ. ಈಗಿರುವ ಎಂಪಿ4ನಿಂದ 320ರ ಎಂಪಿ3 ಮಾಡಿಸಿದರೆ ಏನೂ ಸರಿಹೋಗುವುದಿಲ್ಲ, ಇನ್ನಷ್ಟು ಕೆಡುತ್ತದೆ. ಧಾರವಾಡದಲ್ಲಿ ಯುನಿವರ್ಸಿಟಿ ಹುಡುಗರು ನೋಟ್ಸನ್ನು ಜೆರಾಕ್ಸ್ ಮೇಲೆ ಜೆರಾಕ್ಸ್ ಮಾಡಿಸುತ್ತಾರಲ್ಲ, ಮೂರನೇ ಕಾಪಿಗೆ ಒತ್ತಕ್ಷರ ಮಾಯವಾಗಿರುತ್ತವೆ. ಅದನ್ನು ದೊಡ್ಡ ಹಾಳೆಯ ಮೇಲೆ ಜೆರಾಕ್ಸ್ ಮಾಡಿಸಿದರೆ ಒತ್ತಕ್ಷರ ವಾಪಸ್ ಬರುತ್ತವೆಯೇ? ಮೊದಲ ಕಂಪ್ರೆಶನ್ ಬಿಟ್ಟುಹೋದ ಗಲಿಬಿಲಿಯನ್ನು ಎರಡನೆಯದು ಅಸಲಿ ದನಿ ಅಂದುಕೊಂಡು ಅದನ್ನು ಕಾಪಾಡಲು ತನ್ನ ಬಿಟ್ ಖರ್ಚು ಮಾಡುತ್ತದೆ, ಅಸಲಿನಲ್ಲಿ ಇನ್ನಷ್ಟು ಬಿಡುತ್ತದೆ.

ತಮ್ಮನ ಮಾತು ಅಷ್ಟು ತಪ್ಪಲ್ಲ, ಆದರೆ ಈ ಡಿಸ್ಕುಗಳಿಗೆ ಅದರಿಂದ ಲಾಭವಿಲ್ಲ. 256ರ ಎಸಿ-3ಯನ್ನು ವೇವ್, ಅಂದರೆ ಕಂಪ್ರೆಸ್ ಆಗದ ಫೈಲ್, ಮಾಡಿದರೆ ಫೈಲ್ ಆರು ಪಟ್ಟು ಉಬ್ಬುತ್ತದೆ, ದನಿ ಇದ್ದಷ್ಟೇ ಇರುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಎಸಿ-3ಯೊಳಗೆ ದನಿಯ ಜೊತೆ ಪ್ಲೇಯರಿಗೆ ಎರಡು ಸೂಚನೆ ಬರೆದಿರುತ್ತದೆ: ಒಟ್ಟು ಮಟ್ಟ ಎಷ್ಟಿಡಬೇಕು, ಸಣ್ಣ ದನಿಯನ್ನು ಎಷ್ಟು ಎತ್ತಿ ಜೋರು ದನಿಯನ್ನು ಎಷ್ಟು ತಗ್ಗಿಸಬೇಕು. ಕೆಲವು ಪ್ಲೇಯರುಗಳು ಇದನ್ನು ಪಾಲಿಸುತ್ತವೆ, ಕೆಲವು ಬಿಡುತ್ತವೆ. ಟ್ರ್ಯಾಕನ್ನು ಹಾಗೇ ಕಾಪಿ ಮಾಡಿದರೆ ಅದು ಸೂಚನೆಯಾಗಿಯೇ ಉಳಿಯುತ್ತದೆ, ನಾಳೆ ಬೇಕಾದರೆ ಆಫ್ ಮಾಡಬಹುದು. ಕನ್ವರ್ಟ್ ಮಾಡಿದರೆ ಆ ಏರಿಳಿತ ದನಿಯೊಳಗೇ ಅಚ್ಚಾಗಿಬಿಡುತ್ತದೆ. ಆಲಾಪದ ಮೆಲು ಜಾಗಗಳು ಉಬ್ಬಿ, ತಾನ್ ಬಂದಾಗ ತಂಬೂರಿ ಕುಗ್ಗಿದಂತೆ ಕೇಳುವ ಫೈಲುಗಳು ಬಹಳ ಸಲ ಹೀಗೆ ಹುಟ್ಟಿದವು.

ಈಗ ಜಾಗದ ಲೆಕ್ಕ ಮಾಡೋಣ, ಏಕೆಂದರೆ ಇಡೀ ಎಡವಟ್ಟು ಶುರುವಾದದ್ದೇ ಇಲ್ಲಿಂದ. ಎರಡು ತಾಸಿನ ಡಿವಿಡಿಯಲ್ಲಿ 256 ಕೆಬಿಪಿಎಸ್ ಎಸಿ-3 ತೆಗೆದುಕೊಳ್ಳುವ ಜಾಗ 230 ಎಂಬಿ. ಅದನ್ನು 64ಕ್ಕೆ ಇಳಿಸಿದರೆ ಸುಮಾರು 58 ಎಂಬಿ. ಡಿಸ್ಕಿಗೆ ಉಳಿದದ್ದು 173 ಎಂಬಿಯಷ್ಟು. ಮೂವತ್ತೇಳೂ ಡಿವಿಡಿ ಸೇರಿದರೂ 6.4 ಜಿಬಿ. ನಿಮ್ಮ ಮೊಬೈಲಿನ ವಾಟ್ಸ್ಯಾಪ್ ಫೋಟೋ, ವಿಡಿಯೋಗಳೇ ಅದಕ್ಕಿಂತ ಜಾಸ್ತಿ ಇರಬಹುದು. ಅಷ್ಟು ಜಾಗಕ್ಕಾಗಿ ಮೂವತ್ತೇಳು ಬೈಠಕ್ಕಿನ ತಂಬೂರಿಯನ್ನು ಕಳೆದುಕೊಂಡೆವು ಅನ್ನುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಇನ್ನೂ ಮುಂದೆ ಹೋಗಿ. ಒಂದು ಪದರದ ಡಿವಿಡಿ ಪೂರ್ತಿ ತುಂಬಿದ್ದರೂ 4.7 ಜಿಬಿ. 37 ಡಿಸ್ಕಿಗೆ 174 ಜಿಬಿ. ಆರು ವಿಸಿಡಿಗೆ ಹೆಚ್ಚೆಂದರೆ 5 ಜಿಬಿ. ಅಂದರೆ ಏನನ್ನೂ, ಚಿತ್ರವನ್ನೂ ದನಿಯನ್ನೂ, ಒಂದು ಚೂರೂ ಕಂಪ್ರೆಸ್ ಮಾಡದೆ ಇಡೀ ಸಂಗ್ರಹ ನಿಮ್ಮ 500 ಜಿಬಿಯ ಹಾರ್ಡ್ ಡಿಸ್ಕಿನಲ್ಲಿ ಅರ್ಧ ಜಾಗವನ್ನೂ ತೆಗೆದುಕೊಳ್ಳುವುದಿಲ್ಲ. ಜಾಗ ಸಾಲುತ್ತದಾ ಅಂತ ಕೇಳಿದ್ದಿರಿ. ಇನ್ನೊಂದು ಇಷ್ಟೇ ಸಂಗ್ರಹಕ್ಕೂ ಸಾಲುತ್ತದೆ.

ಹಾಗಾದರೆ ಆಡಿಯೋ ಕಂಪ್ರೆಸ್ ಮಾಡುವ ಪದ್ಧತಿ ಎಲ್ಲಿಂದ ಬಂತು? ಅದಕ್ಕೂ ಒಂದು ಕಾಲದಲ್ಲಿ ಕಾರಣ ಇತ್ತು. ಕೆಲವು ಡಿವಿಡಿಗಳಲ್ಲಿ ದನಿ ಎಸಿ-3 ಇರುವುದಿಲ್ಲ, ಪಿಸಿಎಂ ಇರುತ್ತದೆ, ಅಂದರೆ ಕಂಪ್ರೆಸ್ ಆಗದ ಪೂರ್ತಿ ದನಿ. ಎರಡು ಚಾನೆಲ್, 48 ಕಿಲೋಹರ್ಟ್ಝ್ (ಸೆಕೆಂಡಿಗೆ 48 ಸಾವಿರ ಸಲ ದನಿಯ ಅಳತೆ, ಇದೇ ಸ್ಯಾಂಪಲ್ ರೇಟ್), ಪ್ರತಿ ಅಳತೆಗೆ 16 ಬಿಟ್ ಆದರೆ 1536 ಕೆಬಿಪಿಎಸ್. ಎರಡು ತಾಸಿಗೆ 1.38 ಜಿಬಿ, ಡಿಸ್ಕಿನ ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಡಿಸ್ಕಿನ ಜಾಗ ಗಟ್ಟಿಯಾಗಿ 4.7 ಜಿಬಿಯೇ ಆದಾಗ, ದನಿ ಅಷ್ಟು ತಿಂದರೆ ಚಿತ್ರಕ್ಕೆ ಕಡಿಮೆ ಬೀಳುತ್ತದೆ. ಆಗ ಪಿಸಿಎಂ ಅನ್ನು 192ರ ಎಸಿ-3 ಮಾಡಿ ಒಂದೂಕಾಲು ಜಿಬಿ ಉಳಿಸುತ್ತಿದ್ದೆವು. ಡಿಸ್ಕಿನಿಂದ ಡಿಸ್ಕಿಗೆ ಕಾಪಿ ಮಾಡುವ ಕಾಲಕ್ಕೆ ಅದು ಸರಿ. ಹಾರ್ಡ್ ಡಿಸ್ಕಿಗೆ ಆ ಗೋಡೆಯೇ ಇಲ್ಲ, ಆದರೂ ಅಭ್ಯಾಸ ಉಳಿದುಕೊಂಡಿದೆ.

ಇದನ್ನು ನಾನು ದೂರ ನಿಂತು ಹೇಳುತ್ತಿಲ್ಲ. 2007ರಲ್ಲಿ ಹಾವೇರಿ ಕಡೆಯ ಒಂದು ಊರಲ್ಲಿ ರಾತ್ರಿಯಿಡೀ ನಡೆದ ಭಜನೆ ಪದಗಳನ್ನು ರೆಕಾರ್ಡ್ ಮಾಡಿದ್ದೆ. ಪಿಸಿಎಂ ಇತ್ತು. ಡಿವಿಡಿಗೆ ಹಿಡಿಸಲು 192ಕ್ಕೆ ಇಳಿಸಿದೆ, ಹಾರ್ಡ್ ಡಿಸ್ಕ್ ತುಂಬಿತ್ತು ಅಂತ ಮೂಲವನ್ನು ಅಳಿಸಿದೆ. ಆ ತಂಡದ ಹಿರಿಯರು ತೀರಿಕೊಂಡ ಮೇಲೆ ಅವರ ಮೊಮ್ಮಗ ಬಂದು ಒಳ್ಳೆಯ ಕಾಪಿ ಇದೆಯಾ ಅಂತ ಕೇಳಿದ. ನನ್ನ ಹತ್ತಿರ ಇದ್ದದ್ದು ಅವನ ಹತ್ತಿರ ಇದ್ದದ್ದೇ. ತಾಳದ ದನಿ ಬಂದಾಗಲೆಲ್ಲ ಈಗಲೂ ನನಗೆ ಮೊದಲು ಕಿವಿಗೆ ಬೀಳುವುದು ಆ ಒರಟು. ಅಂದಿನಿಂದ ನಾನು ಮೂಲವನ್ನು ಅಳಿಸಿಲ್ಲ.

ಈಗ ನೀವು ಮಾಡಬೇಕಾದದ್ದು. ಮೊದಲ ಕೆಲಸ, ಪ್ರತಿ ಡಿವಿಡಿಯ ಐಎಸ್‌ಒ ಮಾಡಿಟ್ಟುಕೊಳ್ಳುವುದು. ಇದು ಡಿಸ್ಕಿನ ಪಡಿಯಚ್ಚು. ಮೆನು, ಚಾಪ್ಟರ್, ಚಿತ್ರ, ದನಿ ಎಲ್ಲ ಇದ್ದ ಹಾಗೇ ಬರುತ್ತದೆ. ವಿಂಡೋಸ್‌ನಲ್ಲಿ ಇಮ್ಜ್‌ಬರ್ನ್ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. ಮನೆಯಲ್ಲಿ ಹುಡುಗರಿದ್ದರೆ ದಿನಕ್ಕೆ ನಾಲ್ಕು ಡಿಸ್ಕಿನಂತೆ ಹತ್ತು ದಿನದ ಕೆಲಸ. ಬೇರೆ ಏನೂ ಮಾಡದಿದ್ದರೂ ಇದೊಂದನ್ನು ಮಾಡಿ. ವಿಸಿಡಿಗಳನ್ನು ಮಾತ್ರ ಐಎಸ್‌ಒ ಮಾಡಲು ಹೋಗಬೇಡಿ, ಅವುಗಳ ಬರವಣಿಗೆಯ ರೀತಿ ಬೇರೆ, ಐಎಸ್‌ಒದೊಳಗೆ ಪೂರ್ತಿ ಕೂಡುವುದಿಲ್ಲ. ಬಿನ್-ಕ್ಯೂ ಅನ್ನುವ ಜೋಡಿ ಫೈಲಾಗಿ ತೆಗೆಯಬೇಕು, ಅದೇ ಸಾಫ್ಟ್‌ವೇರ್ ತೆಗೆಯುತ್ತದೆ. ವಿಸಿಡಿಯಲ್ಲಿ ಚಿತ್ರ-ದನಿಯ ಭಾಗಕ್ಕೆ ತಪ್ಪು ಸರಿಪಡಿಸುವ ರಕ್ಷಣೆ ಕಡಿಮೆ. ಗೀರು ಬೇಗ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಆ ಆರನ್ನು ಮೊದಲು ಮುಗಿಸಿ.

ಎರಡನೆಯದು ನೋಡಲು, ಕೇಳಲು ಅನುಕೂಲವಾದ ಕಾಪಿ. ಮೇಕ್‌ಎಂಕೆವಿ ಅನ್ನುವ ಸಾಫ್ಟ್‌ವೇರ್ ಬಳಸಿದರೆ ಡಿವಿಡಿಯ ಚಿತ್ರವನ್ನೂ ದನಿಯನ್ನೂ ಮುಟ್ಟದೆ, ಒಂದೇ ಎಂಕೆವಿ ಫೈಲಿಗೆ ಎತ್ತಿ ಹಾಕುತ್ತದೆ. ಡಬ್ಬಿ ಬದಲಾಗುತ್ತದೆ, ಒಳಗಿನ ಪದಾರ್ಥ ಅದೇ. ವಿಎಲ್‌ಸಿ ಅನ್ನುವ ಪ್ಲೇಯರಿನಲ್ಲಿ ಸಲೀಸಾಗಿ ಓಡುತ್ತದೆ. ಇದರ ತೊಂದರೆ ಏನೆಂದರೆ ಕೆಲವು ಟಿವಿ, ಬಹಳಷ್ಟು ಮೊಬೈಲ್‌ಗಳಿಗೆ ಎಸಿ-3 ಬರುವುದಿಲ್ಲ. ಚಿತ್ರ ಓಡುತ್ತದೆ, ದನಿ ಇರುವುದಿಲ್ಲ. ಜನ ಆಗ ಫೈಲ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಮೊಬೈಲಿಗೆ ವಿಎಲ್‌ಸಿ ಹಾಕಿಕೊಂಡರೆ ಸರಿಹೋಗುತ್ತದೆ.

ಬಂಧುಗಳಿಗೆ, ಶಿಷ್ಯರಿಗೆ ಹಂಚಲು ಎಂಪಿ4 ಬೇಕೇ ಬೇಕು ಅಂದರೆ ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರಿನಲ್ಲಿ ಮಾಡಿ. ಆದರೆ ಡಿಸ್ಕಿನಿಂದ ಅಥವಾ ಐಎಸ್‌ಒದಿಂದಲೇ ಮಾಡಿ, ಅಂಗಡಿಯ ಎಂಪಿ4ನಿಂದ ಮಾಡಬೇಡಿ. ದನಿಗೆ ಎಎಸಿ, ಎರಡು ಚಾನೆಲ್, 192ಕ್ಕಿಂತ ಕಡಿಮೆ ಬೇಡ. ತಂಬೂರಿ ಇರುವ ಕಡೆ ನಾನು 256 ಇಡುತ್ತೇನೆ. ಸ್ಯಾಂಪಲ್ ರೇಟ್ 48 ಇದ್ದದ್ದು 48 ಆಗಿಯೇ ಇರಲಿ. ಡೈನಾಮಿಕ್ ರೇಂಜ್, ವಾಲ್ಯೂಮ್ ಹೆಚ್ಚಿಸುವ ಗುಂಡಿಗಳನ್ನು ಮುಟ್ಟಬೇಡಿ. ಜಾಗ ಉಳಿಸಬೇಕಿದ್ದರೆ ಚಿತ್ರದಲ್ಲಿ ಉಳಿಸಿ, ವೇದಿಕೆ ಮೇಲೆ ಕೂತು ಹಾಡುವವರ ಚಿತ್ರ ಹೆಚ್ಚು ಅಲುಗಾಡುವುದಿಲ್ಲ, ಚೆನ್ನಾಗಿ ಸಣ್ಣದಾಗುತ್ತದೆ. ಇದು ಎರಡನೇ ಜೆರಾಕ್ಸ್ ಅನ್ನುವುದಂತೂ ನಿಜ, ಸ್ವಲ್ಪ ಕಳೆಯುತ್ತದೆ. ಆದರೆ ಮೂಲ ಪಕ್ಕದಲ್ಲಿರುವಾಗ ಹಂಚುವ ಕಾಪಿಗೆ ಅಷ್ಟು ನಡೆಯುತ್ತದೆ. ವಾಟ್ಸ್ಯಾಪ್‌ನಲ್ಲಿ ಕಳಿಸುವಾಗ ವಿಡಿಯೋ ಅಂತ ಕಳಿಸಿದರೆ ಅದು ಮತ್ತೊಮ್ಮೆ ಹಿಂಡುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ.

ನಿಮ್ಮ 37ರಲ್ಲಿ ಕೆಲವು ಪಿಸಿಎಂ ಡಿಸ್ಕುಗಳು ಇರಬಹುದು, ಬೇರೆ ಬೇರೆ ವಿಡಿಯೋದವರು ಮಾಡಿದ್ದಲ್ಲವೇ? ಒಂದೊಂದನ್ನೂ ಮೀಡಿಯಾಇನ್ಫೋದಲ್ಲಿ ನೋಡಿ. ಪಿಸಿಎಂ ಸಿಕ್ಕರೆ ಅದು ನಿಧಿ ಅಂದುಕೊಳ್ಳಿ, ಅದನ್ನು ಎಎಸಿ ಮಾಡಿ ಮುಗಿಸಬೇಡಿ. ಸಣ್ಣದಾಗಲೇಬೇಕು ಅಂದರೆ ಫ್ಲ್ಯಾಕ್ ಮಾಡಿ. ಅದು ಮಡಿಸಿಟ್ಟ ಸೀರೆಯ ಹಾಗೆ, ಬಿಚ್ಚಿದರೆ ಒಂದು ನೂಲೂ ಕಡಿಮೆಯಾಗಿರುವುದಿಲ್ಲ. ಸಾಮಾನ್ಯವಾಗಿ ಅರ್ಧದಷ್ಟು ಜಾಗ ಉಳಿಯುತ್ತದೆ. ಎಸಿ-3ಯನ್ನು ಮಾತ್ರ ಫ್ಲ್ಯಾಕ್ ಮಾಡಬೇಡಿ, ವೇವ್‌ಗೆ ಹೇಳಿದ ಕಾರಣವೇ ಇಲ್ಲೂ. ಒಂದೆರಡರಲ್ಲಿ ಎಂಪಿ2 ಅನ್ನುವ ಇನ್ನೊಂದು ಬಗೆಯ ಕಂಪ್ರೆಶನ್ ಕಾಣಿಸಬಹುದು, ವಿಸಿಡಿ ಆರರಲ್ಲೂ ಅದೇ ಇರುತ್ತದೆ, 224 ಕೆಬಿಪಿಎಸ್. ಅದನ್ನೂ ಹಾಗೇ ಇಡಿ. ಮನೆಯ ರೆಕಾರ್ಡಿಂಗ್‌ಗಳಲ್ಲಿ 5.1, ಅಂದರೆ ಆರು ಚಾನೆಲ್ಲಿನ ದನಿ, ಇರುವುದು ಅಪರೂಪ, ಆ ಗೊಡವೆ ನಿಮಗೆ ಬೇಡ.

ಈಗ ಕೈ ಮೊದಲು, ದನಿ ಆಮೇಲೆ ಬರುವ ಎರಡು ಡಿಸ್ಕುಗಳು. ಇವೆರಡೂ ಬೇರೆ ಬೇರೆ ರೋಗ.

ಶುರುವಿನಿಂದ ಕೊನೆಯವರೆಗೆ ಒಂದೇ ಅಂತರ ಇದ್ದರೆ ಅದು ಸುಲಭದ್ದು. ಡಿವಿಡಿಯಲ್ಲಿ ಚಿತ್ರಕ್ಕೂ ದನಿಗೂ ಯಾವಾಗ ಶುರುವಾಗಬೇಕು ಅನ್ನುವ ಸಮಯದ ಗುರುತು ಬೇರೆ ಬೇರೆ ಇರುತ್ತದೆ. ಎರಡೂ ಒಂದೇ ಕ್ಷಣಕ್ಕೆ ಶುರುವಾಗಬೇಕೆಂದಿಲ್ಲ. ದನಿಯನ್ನು ಬೇರೆ ಫೈಲಾಗಿ ತೆಗೆದು, ಕನ್ವರ್ಟ್ ಮಾಡಿ, ಮತ್ತೆ ಚಿತ್ರಕ್ಕೆ ಅಂಟಿಸುವಾಗ ಆ ಗುರುತು ಬಿದ್ದುಹೋಗುತ್ತದೆ. ಅಂತರ ಎಷ್ಟು ಅಂತ ನೀವೇ ಅಳೆಯಬಹುದು. ವಿಎಲ್‌ಸಿಯಲ್ಲಿ ಫೈಲ್ ಓಡಿಸಿ, ತಬಲಾದವರ ಕೈ ಸ್ಪಷ್ಟವಾಗಿ ಕಾಣುವ ಜಾಗ ಹುಡುಕಿ, ಜೆ ಕೀ ಒತ್ತುತ್ತಾ ಹೋಗಿ. ಒಂದು ಒತ್ತಿಗೆ ದನಿ 50 ಮಿಲಿಸೆಕೆಂಡು ಮುಂಚೆ ಬರುತ್ತದೆ. ಜಾಸ್ತಿಯಾದರೆ ಕೆ ಕೀ ಹಿಂದಕ್ಕೆ ತರುತ್ತದೆ. ನಾಲ್ಕು ಒತ್ತಿಗೆ ಕೈಯೂ ಪೆಟ್ಟೂ ಕೂಡಿದರೆ ಅಂತರ 200 ಮಿಲಿಸೆಕೆಂಡು, ಅಂದರೆ ನಮ್ಮ 25 ಫ್ರೇಮಿನ ವಿಡಿಯೋದಲ್ಲಿ ಐದು ಫ್ರೇಮು. ಆ ಅಂಕಿಯನ್ನು ಎಂಕೆವಿಟೂಲ್‌ನಿಕ್ಸ್ ಅನ್ನುವ ಸಾಫ್ಟ್‌ವೇರಿನಲ್ಲಿ ಆ ದನಿಯ ಟ್ರ್ಯಾಕಿನ ಡಿಲೇ ಜಾಗದಲ್ಲಿ ಮೈನಸ್ ಹಾಕಿ ಬರೆದು ಹೊಸ ಫೈಲ್ ಮಾಡಿದರೆ ಮುಗಿಯಿತು. ಏನನ್ನೂ ಮತ್ತೆ ಕಂಪ್ರೆಸ್ ಮಾಡುವ ಮಾತೇ ಇಲ್ಲ.

ಹೋಗ್ತಾ ಹೋಗ್ತಾ ಜಾಸ್ತಿಯಾಗುವುದು ಕೆಟ್ಟದ್ದು. ಡಿವಿಡಿ ಫೋಲ್ಡರ್ ತೆರೆದರೆ ಒಂದೊಂದು ಜಿಬಿಯ ವಿಒಬಿ ಫೈಲುಗಳು ನಾಲ್ಕೈದು ಕಾಣುತ್ತವೆ. ಅವು ನಾಲ್ಕೈದು ವಿಡಿಯೋ ಅಲ್ಲ, ಒಂದೇ ವಿಡಿಯೋವನ್ನು ಜಾಗ ನೋಡಿ ಕತ್ತರಿಸಿದ ತುಂಡುಗಳು. ಕತ್ತರಿ ದನಿಯ ತುಂಡಿನ ನಟ್ಟನಡುವೆಯೂ ಬಿದ್ದಿರುತ್ತದೆ. ಒಂದೊಂದನ್ನೂ ಬೇರೆ ಬೇರೆ ಕನ್ವರ್ಟ್ ಮಾಡಿ ಆಮೇಲೆ ಜೋಡಿಸಿದರೆ ಪ್ರತಿ ಜೋಡಿನಲ್ಲೂ ಒಂದಿಷ್ಟು ದನಿ ಬೀಳುತ್ತದೆ ಅಥವಾ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಮೊದಲ ಇಪ್ಪತ್ತು-ಇಪ್ಪತ್ತೈದು ನಿಮಿಷ ಸರಿ, ಆಮೇಲೆ ಹೆಜ್ಜೆ ಹೆಜ್ಜೆಯಾಗಿ ತಪ್ಪುತ್ತಿದ್ದರೆ ಇದೇ ಕಾರಣ. ಮೆಟ್ಟಿಲಿಲ್ಲದೆ ಒಂದೇ ಸಮ ತಪ್ಪುತ್ತಾ ಹೋದರೆ ಫ್ರೇಮ್ ರೇಟ್ ಬದಲಿಸಿದ್ದಾರೆ ಅಂತ ಅರ್ಥ. ಎರಡಕ್ಕೂ ಈ ಎಂಪಿ4 ಮೇಲೆ ರಿಪೇರಿ ಮಾಡುತ್ತಾ ಕೂರಬೇಡಿ. ಡಿಸ್ಕಿನಿಂದ ಮೇಕ್‌ಎಂಕೆವಿಯಲ್ಲಿ ಹೊಸದಾಗಿ ತೆಗೆದರೆ ಸಾಕು. ಡಿಸ್ಕಿನಲ್ಲೇ ಗೀರಿದ್ದು ಅಲ್ಲಿ ಡೇಟಾ ಬಿಟ್ಟುಹೋಗಿದ್ದರೆ ಮಾತ್ರ ಬೇರೆ ಮಾತು, ಅದಕ್ಕೆ ಬರುತ್ತೇನೆ.

ಶ್ರುತಿ ಇಳಿದ ಆಡಿಯೋ ಸಿಡಿ. ಇದನ್ನು ಪರೀಕ್ಷೆ ಮಾಡಲು ನಿಮ್ಮ ಪೇಟಿಯೇ ಸಾಕು. ಡಿವಿಡಿಯ ದನಿ 48 ಕಿಲೋಹರ್ಟ್ಝ್, ಆಡಿಯೋ ಸಿಡಿ 44.1. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಸಾಫ್ಟ್‌ವೇರ್ ಲೆಕ್ಕ ಹಾಕಿ ಬದಲಿಸಬೇಕು. ಬದಲಿಸದೆ ಬರೀ ಚೀಟಿ ಬದಲಿಸಿದರೆ ದನಿ ನಿಧಾನವಾಗಿ ಓಡುತ್ತದೆ. ಶ್ರುತಿ ಹತ್ತಿರ ಹತ್ತಿರ ಒಂದೂವರೆ ಮನೆ ಕೆಳಗೆ ಬೀಳುತ್ತದೆ. ತಂದೆಯವರು ಹಾಡಿದ್ದು ಕಪ್ಪು ಒಂದರಲ್ಲಿ ಅಂತಿಟ್ಟುಕೊಳ್ಳಿ, ಸಿಡಿಯ ಷಡ್ಜ ಬಿಳಿ ಒಂದಕ್ಕೂ ಕೂಡುವುದಿಲ್ಲ, ಅದರ ಕೆಳಗಿನ ನಿಷಾದದ ಮನೆಗೂ ಕೂಡುವುದಿಲ್ಲ, ಎರಡರ ನಡುವೆ ತೂಗಾಡುತ್ತದೆ. ಗಡಿಯಾರ ಹಿಡಿದು ನೋಡಿದರೂ ಗೊತ್ತಾಗುತ್ತದೆ: ಡಿವಿಡಿಯಲ್ಲಿ ಹತ್ತು ನಿಮಿಷದ ಬಂದಿಶ್ ಸಿಡಿಯಲ್ಲಿ ಹತ್ತು ನಿಮಿಷ 53 ಸೆಕೆಂಡು ಓಡುತ್ತದೆ. ಈ ತಪ್ಪಿನಲ್ಲಿ ದನಿ ಕೆಟ್ಟಿರುವುದಿಲ್ಲ. ಸಿಡಿಯಿಂದ ವೇವ್ ತೆಗೆದು ಅಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ಟ್ರ್ಯಾಕಿನ ಮೆನುವಿನಲ್ಲಿ ರೇಟ್ 48000 ಅಂತ ಬದಲಿಸಿದರೆ ಶ್ರುತಿ ಜಾಗಕ್ಕೆ ಬರುತ್ತದೆ. ಆಮೇಲೆ ಅದನ್ನು ಸರಿಯಾಗಿ 44.1ಕ್ಕೆ ಎಕ್ಸ್‌ಪೋರ್ಟ್ ಮಾಡಿ ಹೊಸ ಸಿಡಿ ಬರೆಯಬಹುದು. 'ಪಿಚ್ ಬದಲಿಸು' ಅನ್ನುವ ಎಫೆಕ್ಟ್ ಬಳಸಬೇಡಿ, ಅದು ಲಯವನ್ನು ಅಲ್ಲೇ ಬಿಟ್ಟು ಶ್ರುತಿಯನ್ನಷ್ಟೇ ಎಳೆಯುತ್ತದೆ, ಕಂಠದ ಬಣ್ಣ ಕೆಡುತ್ತದೆ.

ಓದದ ಡಿಸ್ಕುಗಳ ಬಗ್ಗೆ. ಮೆತ್ತನೆ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಒಂದು ಡ್ರೈವ್‌ನಲ್ಲಿ ಓದದ ಜಾಗ ಇನ್ನೊಂದರಲ್ಲಿ ಓದುವುದು ಬಹಳ ಸಲ ನೋಡಿದ್ದೇನೆ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನುವ ಉಚಿತ ಸಾಧನ ಇದೆ. ಅದು ಓದಿದ ಜಾಗ, ಓದದ ಜಾಗದ ನಕ್ಷೆ ಇಟ್ಟುಕೊಳ್ಳುತ್ತದೆ, ಬೇರೆ ಡ್ರೈವ್ ಹಾಕಿದಾಗ ಬಿಟ್ಟದ್ದನ್ನಷ್ಟೇ ಮತ್ತೆ ಓದುತ್ತದೆ. ಮೇಲಿನ ಲೇಬಲ್ ಕಾಗದ ಏಳುತ್ತಿದ್ದರೆ ಕೀಳಬೇಡಿ. ಸಿಡಿಯಲ್ಲಿ ಬರವಣಿಗೆ ಇರುವುದು ಆ ಮೇಲ್ಮೈಯ ಕೆಳಗೇ, ಕಾಗದದ ಜೊತೆ ಅದೂ ಎದ್ದು ಬರುತ್ತದೆ. ಡಿಸ್ಕುಗಳನ್ನು ಕಿಟಕಿಯ ಬಿಸಿಲಿನಿಂದ, ದೇವರ ಮನೆ ಗೋಡೆಯ ಕಾವಿನಿಂದ ದೂರ ಇಡಿ. ಬರೆಯುವ ಡಿಸ್ಕಿನ ಬಣ್ಣದ ಪದರಕ್ಕೆ ಬಿಸಿ, ಬೆಳಕು ಆಗುವುದಿಲ್ಲ.

ಕಾನೂನಿನ ಮಾತು ಒಂದೇ ಸಾಲಿನಲ್ಲಿ. ಇವು ನಿಮ್ಮ ಮನೆಯವರ ಕಾರ್ಯಕ್ರಮ, ಕಾಪಿ ಆಗದಂತೆ ಬೀಗ ಹಾಕಿದ ಡಿಸ್ಕುಗಳಲ್ಲ, ಮನೆಯಲ್ಲಿಟ್ಟುಕೊಳ್ಳಲು ಕಾಪಿ ಮಾಡುವುದರಲ್ಲಿ ಅಂಜಿಕೆ ಬೇಡ. ಯೂಟ್ಯೂಬಿಗೆ ಹಾಕುವುದಾದರೆ ಸಾಥ್ ಕೊಟ್ಟ ಕಲಾವಿದರನ್ನೋ ಅವರ ಮನೆಯವರನ್ನೋ ಒಂದು ಮಾತು ಕೇಳಿ, ಅದು ಅವರ ಹಕ್ಕೂ ಹೌದು. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕುಗಳ ವಿಷಯ ಬೇರೆ, ಅವುಗಳ ಬೀಗ ಮುರಿಯುವ ಬಗ್ಗೆ 2012ರ ತಿದ್ದುಪಡಿಯಲ್ಲಿ ಕಾಪಿರೈಟ್ ಕಾಯ್ದೆಗೆ 65ಎ ಕಲಂ ಸೇರಿದೆ.

ಕೆಲಸ ಮುಗಿದ ಪ್ರತಿ ಫೈಲನ್ನೂ ಮೂರು ಜಾಗದಲ್ಲಿ ಕೇಳಿ: ಶುರುವಿನ ಬರೀ ತಂಬೂರಿ, ದ್ರುತ್‌ನ ತಬಲಾ, ಕೊನೆಯ ಚಪ್ಪಾಳೆ. ಕೊನೆಯಲ್ಲೂ ಕೈಗೂ ದನಿಗೂ ಕೂಡಿದೆಯಾ ಅಂತ ನೋಡಿ. ಹಾರ್ಡ್ ಡಿಸ್ಕ್ ಒಂದೇ ಇದ್ದರೆ ಅದು ಕಾಪಿಯಾಗಲಿಲ್ಲ. ಇನ್ನೊಂದು ಕೊಂಡು ತಮ್ಮನ ಮನೆಯಲ್ಲಿಡಿ. ಫೈಲಿನ ಹೆಸರಿನಲ್ಲೇ ಊರು, ವರ್ಷ, ರಾಗ, ತಬಲಾ-ಪೇಟಿಯವರ ಹೆಸರು ಬರೆದುಬಿಡಿ. ರಾಗ ಗುರುತಿಸುವವರು ನೀವೇ ಇರುವಾಗಲೇ ಇದು ಆಗಬೇಕು.

ಅಂಗಡಿಗೇ ಮತ್ತೆ ಕೊಡುವುದಾದರೆ ಚೀಟಿಯಲ್ಲಿ ಹೀಗೆ ಬರೆದುಕೊಡಿ: "ಡಿವಿಡಿಗೆ ಐಎಸ್‌ಒ, ವಿಸಿಡಿಗೆ ಬಿನ್-ಕ್ಯೂ ಬೇಕು. ಆಡಿಯೋ ಕನ್ವರ್ಟ್ ಮಾಡಬಾರದು." ಮೊದಲು ಒಂದೇ ಡಿಸ್ಕ್ ಕೊಟ್ಟು, ಮನೆಗೆ ತಂದು ಕೇಳಿ, ಆಮೇಲೆ ಉಳಿದದ್ದು ಕೊಡಿ. ದನಿ ಹೋಗ್ತಾ ಹೋಗ್ತಾ ಹಿಂದೆ ಬೀಳುವ ಆ ಡಿಸ್ಕನ್ನೇ ಮೊದಲು ಕೊಡಿ. ಅದು ಕೊನೆಯವರೆಗೆ ಸರಿಯಾಗಿ ಬಂದರೆ ಉಳಿದವು ಬರುತ್ತವೆ. ಬರದಿದ್ದರೆ ಡಿಸ್ಕನ್ನು ಗಟ್ಟಿ ಡಬ್ಬಿಯಲ್ಲಿಟ್ಟುಕೊಂಡು ಹುಬ್ಬಳ್ಳಿಗೆ ಬನ್ನಿ, ನನ್ನ ಹತ್ತಿರ ಮೂರು ಬಗೆಯ ಡ್ರೈವ್ ಇವೆ, ಕೂತು ನೋಡೋಣ.